ತೊಟ್ಟಿಲ ಕೂಸಿನ ಕೆಂಪು ಮಚ್ಚೆ

ಅಂದು ಬಿ.ಎ. ತರಗತಿಗೆ ನಾನು ನಳದಮಯಂತಿಯರ ಕಥೆಯನ್ನು ಹೇಳುತ್ತಿದ್ದೆ. ಕನಕದಾಸರ ‘ನಳಚರಿತ್ರೆ’ಯನ್ನು ಕಲಿಸುವ ಮೊದಲು ಮಹಾಭಾರತದ ವನಪರ್ವದಲ್ಲಿ ಬರುವ ಮೂಲಕಥೆಯನ್ನು ವಿವರಿಸುವುದು ನನ್ನ ರೂಢಿ. ಕಾಡಿನಲ್ಲಿ ಗಂಡನಿಂದ ಅಗಲಿದ ದಮಯಂತಿ ಚೇದಿರಾಜನ ಅರಮನೆಯಲ್ಲಿ ಸೈರಂಧ್ರಿಯಾಗಿ, ಮಾಸಿದ ಮೈಯಲ್ಲಿ, ಯಾರಿಗೂ ತನ್ನ ಹೆಸರು ಹೇಳದೆ ದಿನ ನೂಕುತ್ತಿದ್ದಾಳೆ. ಅವಳನ್ನು ಹುಡುಕಿಕೊಂಡು ಬಂದ ಸುದೇವನೆಂಬ ಬ್ರಾಹ್ಮಣನಿಗೆ ಗುರುತು ಸಿಗುವುದು ಅವಳ ಹುಬ್ಬುಗಳ ನಡುವೆ ಹುಟ್ಟಿನಿಂದಲೇ ಇದ್ದ ಒಂದು ಮಚ್ಚೆಯಿಂದ. ರಾಜಕುಮಾರಿ ಸುನಂದೆ ಹಣೆಯ ಕೊಳೆಯನ್ನು ತೊಳೆದಾಗ ಆ ಮಚ್ಚೆ ಮೋಡ ಸರಿದ ಆಕಾಶದ ಚಂದ್ರನಂತೆ ಬೆಳಗಿತಂತೆ. ಇನ್ನೊಂದೆಡೆ ಕವಿ ಅದನ್ನು ಕಮಲಕ್ಕೆ ಹೋಲಿಸಿದ್ದಾನೆ.

ಹಿಂದಿನ ಬೆಂಚಿನಲ್ಲಿ ಎಡಗಡೆಯ ಗೋಡೆಗೆ ಒತ್ತಿಕೊಂಡು ಕೂಡುವ ಹುಡುಗನೊಬ್ಬ ಎದ್ದು ನಿಂತು ಕೇಳಿದ:

“ಸರ್, ಆ ಮಚ್ಚಿ ಕೆಂಪ ಇತ್ತೋ, ಕರೀದಿತ್ತೋ?”

ತರಗತಿ ನಕ್ಕಿತು. ಹುಡುಗ ನಗಲಿಲ್ಲ. ಎರಡು ವರ್ಷಗಳಿಂದ ಅವನು ಅದೇ ಜಾಗದಲ್ಲಿ ಕೂಡುತ್ತಿದ್ದುದು ಏತಕ್ಕೆಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಎಡಗಡೆಯ ಹಣೆಯಿಂದ ಗದ್ದದವರೆಗೆ ಕರಿದ್ರಾಕ್ಷಿಯ ರಸ ಚೆಲ್ಲಿದಂತೆ ಒಂದು ಮಚ್ಚೆ ಅವನ ಮುಖದ ಅರ್ಧವನ್ನು ಆವರಿಸಿತ್ತು. ಗೋಡೆಯ ಕಡೆಗಿದ್ದುದು ಆ ಅರ್ಧ. “ಕಮಲದಂತೆ ಎಂದ ಮೇಲೆ ಕೆಂಪೇ ಇರಬೇಕು” ಎಂದು ನಾನು ಹೇಳಿದೆ. ಅವನು ಅದನ್ನು ವಹಿಯಲ್ಲಿ ಬರೆದುಕೊಂಡ.

ಇದು ೨೦೨೨ರ ಡಿಸೆಂಬರದ ಮಾತು. ಮುಂದಿನ ತಿಂಗಳು ಜಮಖಂಡಿಯ ನಮ್ಮ ಮನೆಯಲ್ಲಿ ನನ್ನ ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದಾಗ ಮೈಯೆಲ್ಲ ನಿರ್ಮಲ. ಎರಡನೆಯ ವಾರದಲ್ಲಿ ಬಲಗಣ್ಣಿನ ಮೇಲ್‌ರೆಪ್ಪೆಯಲ್ಲಿ ಸೊಳ್ಳೆ ಕಚ್ಚಿದಂತೆ ಒಂದು ಚುಕ್ಕೆ ಕಾಣಿಸಿತು. ಮೂರನೆಯ ವಾರಕ್ಕೆ ಅದು ಕುಂಕುಮದ ಬೊಟ್ಟಿನಷ್ಟಾಯಿತು. ನಾಲ್ಕನೆಯ ವಾರಕ್ಕೆ ಗುಲಗಂಜಿಯಷ್ಟು ಉಬ್ಬಿ, ರೆಪ್ಪೆಯನ್ನು ಕೆಳಕ್ಕೆ ಜಗ್ಗತೊಡಗಿತು. ನಾನು ವೈದ್ಯನಲ್ಲ, ಕನ್ನಡ ಕಲಿಸುವವನು. ಆದರೂ ಈ ಎರಡು ಮುಖಗಳ ನಡುವೆ ಸಿಕ್ಕಿ ನಾನು ಕಲಿತದ್ದನ್ನು ವಾಚಕರ ಮುಂದೆ ಇಡಬೇಕೆನಿಸಿತು. ತೊಟ್ಟಿಲಲ್ಲಿ ಒಂದೇ ಬಣ್ಣವಾಗಿ ಕಾಣುವ ಈ ಎರಡು ಮಚ್ಚೆಗಳ ಹಣೆಬರಹ ಒಂದಕ್ಕೊಂದು ತೀರ ವಿರುದ್ಧವಾದುದು. ಯಾವುದು ಯಾವುದೆಂದು ತಿಳಿಯಲು ನಮಗಿರುವ ಕಾಲವಾದರೋ ಕೆಲವೇ ವಾರಗಳು.

ಇಳಿಗೆಯ ಮೇಲೆ ಬಂದ ಅಪವಾದ

ಕೂಸನ್ನು ನೋಡಲು ಬನಹಟ್ಟಿಯಿಂದ ಬೀಗರು ಬಂದರು. ನೇಕಾರರ ಮನೆ. ನಾಲ್ಕು ಮಗ್ಗಗಳ ಸದ್ದಿನಲ್ಲಿ ಬಾಳಿದ ಹಿರಿಯ ಜೀವ ನನ್ನ ತಂಗಿಯ ಅತ್ತೆ. ಕೂಸನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದವರೇ ನನ್ನ ತಾಯಿಯತ್ತ ತಿರುಗಿದರು:

“ನೋಡ್ರಿ ಬೀಗತಿಯವರ, ಗ್ರಹಣದ ದಿವಸ ಇಳಿಗಿ ಹಿಡೀಬ್ಯಾಡ ಅಂತ ನಾ ಬಡಕೊಂಡೆ. ಈಕಿ ಕೇಳ್ಲಿಲ್ಲ. ಕೂಸಿನ ಕಣ್ಣಿಗೆ ಬಂತು.”

೨೦೨೨ರ ದೀಪಾವಳಿಯಲ್ಲಿ, ಅಕ್ಟೋಬರ ೨೫ರ ಸಂಜೆ, ಸೂರ್ಯನಿಗೆ ಖಂಡಗ್ರಾಸ ಗ್ರಹಣ ಹಿಡಿದದ್ದು ಹಲವರಿಗೆ ನೆನಪಿರಬಹುದು. ತಂಗಿ ಆಗ ತುಂಬು ಗರ್ಭಿಣಿ. ಹಬ್ಬದ ಅಡಿಗೆಗೆ ಕಾಯಿಪಲ್ಲೆ ಹೆಚ್ಚಿದ್ದಳು. ಬಾಣಂತಿ ಆ ಮಾತಿಗೆ ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ಅವಳು ಉಣ್ಣಲಿಲ್ಲವೆಂದು ನನ್ನ ತಾಯಿ ಮರುದಿನ ಹೇಳಿದರು.

ಮುಂದೆ ಸಲಹೆಗಳ ಸುರಿಮಳೆ. ಒಬ್ಬರು ಕೊಬ್ಬರಿ ಎಣ್ಣೆ ತಿಕ್ಕಲು ಹೇಳಿದರು. ಇನ್ನೊಬ್ಬರು ಬೀಳಗಿಯ ಕಡೆಯ ಒಂದು ಹಳ್ಳಿಗೆ ಒಯ್ದು ಚುಟಿಗೆ ಹಾಕಿಸಬೇಕೆಂದರು. ಚುಟಿಗೆಯೆಂದರೆ ಏನೆಂದು ದಕ್ಷಿಣದ ವಾಚಕರಿಗೆ ತಿಳಿಯದಿರಬಹುದು: ಕಾಯಿಸಿದ ಸೂಜಿಯಿಂದಲೋ ಬಳೆಯ ಚೂರಿನಿಂದಲೋ ಕೂಸಿನ ಮೈಗೆ ಬರೆ ಹಾಕುವುದು. ಕಾಮಾಲೆಗೆ, ಹೊಟ್ಟೆಯುಬ್ಬರಕ್ಕೆ, ಸುಮ್ಮನೆ ಅಳುವ ಕೂಸಿಗೂ ಹಾಕುವ ರೂಢಿ ನಮ್ಮ ಕಡೆ ಇನ್ನೂ ಪೂರ್ತಿ ಅಳಿದಿಲ್ಲ. ರಕ್ತ ತುಂಬಿದ ಮಚ್ಚೆಗೆ, ಅದೂ ಕಣ್ಣಿನ ರೆಪ್ಪೆಗೆ, ಕಾದ ಸೂಜಿ! ನೆನೆದರೆ ಇಂದಿಗೂ ನನ್ನ ಮೈ ನಡುಗುತ್ತದೆ. ಪುಣ್ಯಕ್ಕೆ ನನ್ನ ತಾಯಿ ಅದಕ್ಕೆ ಒಪ್ಪಲಿಲ್ಲ. ಓದಿದವರ ಸಲಹೆಯಾದರೂ ನೆಟ್ಟಗಿತ್ತೇ? ನಾವು ಮೊದಲು ತೋರಿಸಿದ ಒಬ್ಬ ವೈದ್ಯರು, “ಇದು ತಾನೇ ಹೋಗುತ್ತದೆ, ಐದು ವರ್ಷ ಸುಮ್ಮನೆ ಬಿಡಿ” ಎಂದು ಕಳಿಸಿಬಿಟ್ಟರು. ಅವರ ಮಾತು ನೂರರಲ್ಲಿ ಬಹುಪಾಲು ಕೂಸುಗಳ ಮಟ್ಟಿಗೆ ಸತ್ಯ. ನಮ್ಮ ಕೂಸಿನ ಮಟ್ಟಿಗೆ ಮಾತ್ರ ಅಪಾಯಕಾರಿಯಾಗಿತ್ತು.

ಒಂದೂವರೆ ತಿಂಗಳ ಸೂಜಿ ಹಾಕಿಸಲು ಹೋದಾಗ ಲಸಿಕೆ ಕೊಡುವ ಸಿಸ್ಟರ್ ಕೂಸಿನ ರೆಪ್ಪೆಯನ್ನು ನೋಡಿ, “ಇದನ್ನ ತಡಾ ಮಾಡಬ್ಯಾಡ್ರಿ, ವಿಜಯಪುರಕ್ಕ ಹೋಗ್ರಿ” ಎಂದಳು. ಆಕೆಯ ಹೆಸರನ್ನೂ ಕೇಳಿಕೊಳ್ಳದೆ ಬಂದೆವು. ಮರುದಿನವೇ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟಿ ವಿಜಯಪುರದ ಬಸ್ಸಿನಲ್ಲಿದ್ದೆವು.

ಬೆಳೆಯುವ ಮಚ್ಚೆ, ನಿಲ್ಲುವ ಮಚ್ಚೆ

ವಿಜಯಪುರದ ಚರ್ಮವೈದ್ಯರು ಕೂಸನ್ನು ನೋಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಹುಟ್ಟಿದಾಗಲೇ ಇತ್ತೋ, ಆಮೇಲೆ ಬಂತೋ?” ತಂಗಿ, “ಎರಡನೇ ವಾರದಾಗ ಬಂತ್ರಿ, ಈಗ ದಿನಾ ದೊಡ್ಡದಾಗಾಕತ್ತೇತಿ” ಎಂದಳು. “ಹಾಗಾದರೆ ಅರ್ಧ ರೋಗನಿದಾನ ನೀನೇ ಮಾಡಿದೆಯಲ್ಲ ತಂಗೀ” ಎಂದು ಅವರು ನಕ್ಕರು.

ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವುಂಟು. ಬಹುಕಾಲದವರೆಗೆ ವೈದ್ಯರು ಕೆಂಪು ಹುಟ್ಟುಮಚ್ಚೆಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ, ಹಣ್ಣುಹಂಪಲಗಳ ಹೆಸರಿನಿಂದ ಕರೆಯುತ್ತಿದ್ದರು. ೧೯೮೨ರಲ್ಲಿ ಬಾಸ್ಟನ್ನಿನ ಜಾನ್ ಮುಲ್ಲಿಕೆನ್ ಮತ್ತು ಜೂಲಿ ಗ್ಲೋವಾಕಿ ಎಂಬವರು ಈ ಗಂಟನ್ನು ಬಿಚ್ಚಿ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ರಕ್ತನಾಳದ ಜೀವಕೋಶಗಳು ನಿಜವಾಗಿ ವೃದ್ಧಿಯಾಗುತ್ತವೆ. ಅದು ಬೆಳೆಯುವ ಗಡ್ಡೆ. ಇನ್ನೊಂದರಲ್ಲಿ ಬೆಳವಣಿಗೆಯಿಲ್ಲ, ಅಲ್ಲಿ ರಕ್ತನಾಳಗಳು ಗರ್ಭದಲ್ಲಿಯೇ ತಪ್ಪಾಗಿ ರೂಪುಗೊಂಡು ಹಿಗ್ಗಿ ನಿಂತಿರುತ್ತವೆ. ಮೊದಲನೆಯದಕ್ಕೆ ವೈದ್ಯರು ಹಿಮ್ಯಾಂಜಿಯೋಮಾ ಎನ್ನುತ್ತಾರೆ. ಎರಡನೆಯದರಲ್ಲಿ ನಮಗೆ ಹೆಚ್ಚು ಕಾಣಸಿಗುವುದಕ್ಕೆ ಪೋರ್ಟ್ ವೈನ್ ಸ್ಟೇನ್ ಎಂದು ಹೆಸರು, ದ್ರಾಕ್ಷಾರಸದ ಕಲೆ ಎಂದು ಅರ್ಥ. ನಾನು ನನ್ನ ಅನುಕೂಲಕ್ಕಾಗಿ ಇವನ್ನು ಬೆಳೆಯುವ ಮಚ್ಚೆ, ನಿಲ್ಲುವ ಮಚ್ಚೆ ಎಂದು ಕರೆದುಕೊಂಡಿದ್ದೇನೆ. ತಂಗಿಯ ಮಗಳದು ಮೊದಲನೆಯದು, ನನ್ನ ವಿದ್ಯಾರ್ಥಿಯದು ಎರಡನೆಯದು.

ಇವೆರಡಲ್ಲದೆ ಹೆದರಬೇಕಾಗಿಲ್ಲದ ಇನ್ನೂ ಎರಡು ಗುರುತುಗಳನ್ನು ಇಲ್ಲಿಯೇ ಹೇಳಿಬಿಡುವೆ. ಅನೇಕ ಕೂಸುಗಳ ಹೆಡಕಿನ ಮೇಲೆ, ರೆಪ್ಪೆಗಳ ಮೇಲೆ, ಹುಬ್ಬುಗಳ ನಡುವೆ ತೆಳು ಗುಲಾಬಿ ಬಣ್ಣದ ಮಚ್ಚೆಯಿದ್ದು ಅತ್ತಾಗ ಕೆಂಪೇರುತ್ತದೆ. ಮುಖದ ಮೇಲಿನದು ಒಂದೆರಡು ವರ್ಷಗಳಲ್ಲಿ ಮಾಸುತ್ತದೆ. ಹೆಡಕಿನದು ಉಳಿದರೂ ಕೂದಲು ಮುಚ್ಚುತ್ತದೆ. ನಮ್ಮ ಮಕ್ಕಳ ಬೆನ್ನ ಕೆಳಗೆ, ಕುಂಡೆಯ ಮೇಲೆ ಕಾಣುವ ನೀಲಿ ಛಾಯೆಯಾದರೋ ರಕ್ತಕ್ಕೆ ಸಂಬಂಧಿಸಿದ್ದೇ ಅಲ್ಲ; ಅದು ಚರ್ಮದ ಬಣ್ಣದ ಕೋಶಗಳ ಕೆಲಸ.

ಬೆಳೆಯುವ ಮಚ್ಚೆ ನೂರು ಕೂಸುಗಳಲ್ಲಿ ಸುಮಾರು ನಾಲ್ಕೈದಕ್ಕೆ ಬರುತ್ತದೆ. ಗಂಡಿಗಿಂತ ಹೆಣ್ಣು ಕೂಸುಗಳಲ್ಲಿ ಹೆಚ್ಚು. ದಿನ ತುಂಬದೆ ಹುಟ್ಟಿದವಕ್ಕೆ, ತೂಕ ಕಡಿಮೆಯಿದ್ದವಕ್ಕೆ ಇನ್ನೂ ಹೆಚ್ಚು. ಹುಟ್ಟಿದಾಗ ಅದು ಕಾಣುವುದೇ ಇಲ್ಲ, ಅಥವಾ ಬಿಳಿಚಿದ ಒಂದು ತೇಪೆಯಂತೆ ಕಾಣುತ್ತದೆ. ಐದರಿಂದ ಏಳನೆಯ ವಾರದವರೆಗೆ ಅದರ ಓಟ ಅತ್ಯಂತ ಜೋರು. ಮೂರು ತಿಂಗಳು ತುಂಬುವಷ್ಟರಲ್ಲಿ ತಾನು ಮುಟ್ಟಬೇಕಾದ ಗಾತ್ರದಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಅದು ಸಾಮಾನ್ಯವಾಗಿ ಮುಟ್ಟಿಬಿಟ್ಟಿರುತ್ತದೆ. ಅನಂತರ ನಿಧಾನವಾಗಿ ನಿಲ್ಲುತ್ತದೆ. ವರುಷ ತುಂಬುವ ಹೊತ್ತಿಗೆ ನಡುವೆ ಬೂದಿಬಣ್ಣ ಕಾಣಿಸಿಕೊಂಡು ಕುಗ್ಗತೊಡಗಿ, ನಾಲ್ಕನೆಯ ವರುಷಕ್ಕೆ ಬಹುಮಟ್ಟಿಗೆ ಇಳಿಯುತ್ತದೆ. ಕೆಲವೊಮ್ಮೆ ಹೋದ ಮೇಲೂ ಸಡಿಲು ಚರ್ಮವನ್ನೋ ಸಣ್ಣ ಕೆಂಪು ಗೆರೆಗಳನ್ನೋ ಬಿಟ್ಟುಹೋಗುವುದುಂಟು. ಬೆನ್ನಿನ ಮೇಲೋ ತೋಳಿನ ಮೇಲೋ ಇರುವ ಸಣ್ಣ ಮಚ್ಚೆಗೆ ಏನೂ ಮಾಡದಿರುವುದೇ ಚಿಕಿತ್ಸೆ.

ಎಲ್ಲಿ ಕೂತಿದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ರೆಪ್ಪೆಯ ಮೇಲೆ ಕೂತ ಮಚ್ಚೆ ಕಣ್ಣಿನ ಬೆಳಕನ್ನು ಮರೆಮಾಡಬಹುದು, ಅಥವಾ ಕಣ್ಣುಗುಡ್ಡೆಯನ್ನು ಒತ್ತಿ ಅದರ ಆಕಾರವನ್ನು ಕೆಡಿಸಬಹುದು. ಹಸುಳೆಯ ಮಿದುಳು ನೋಡುವುದನ್ನು ಕಲಿಯುವುದು ಈ ಮೊದಲ ತಿಂಗಳುಗಳಲ್ಲಿ. ಆಗ ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ ಬಾರದಿದ್ದರೆ ಮಿದುಳು ಆ ಕಣ್ಣನ್ನೇ ಕೈಬಿಡುತ್ತದೆ. ಮಚ್ಚೆ ಐದನೆಯ ವರುಷಕ್ಕೆ ಮಾಯವಾದರೇನು, ದೃಷ್ಟಿ ಮರಳಿ ಬರಬೇಕಲ್ಲ! ನಮಗೆ ಮೊದಲು ಸಿಕ್ಕ ಸಲಹೆಯಲ್ಲಿ ಬಿಟ್ಟುಹೋಗಿದ್ದ ಸಂಗತಿ ಇದು. ಗದ್ದ ಮತ್ತು ದವಡೆಯ ಸುತ್ತ, ಗಂಡಸರಿಗೆ ಗಡ್ಡ ಬರುವ ಜಾಗದಲ್ಲೆಲ್ಲ ಹರಡಿದ ಮಚ್ಚೆಯಿದ್ದರೆ ಒಳಗೆ ಶ್ವಾಸನಾಳದಲ್ಲಿಯೂ ಒಂದು ಇರುವ ಸಂಭವವುಂಟು. ಕೂಸಿನ ಉಸಿರಿಗೆ ಸೀಟಿಯ ಸದ್ದು ಬಂದರೆ ಒಂದು ದಿನವೂ ಕಾಯತಕ್ಕದ್ದಲ್ಲ. ತುಟಿ, ಮೂಗಿನ ತುದಿ ಮತ್ತು ಲಂಗೋಟಿಯ ಜಾಗದ ಮಚ್ಚೆಗಳು ಹುಣ್ಣಾಗಿ ನೋಯಬಹುದು, ರೂಪವನ್ನೂ ಕೆಡಿಸಬಹುದು. ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ ಯಕೃತ್ತಿನಲ್ಲಿಯೂ ಇವೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಬೆನ್ನುಮೂಳೆಯ ಕೆಳತುದಿಯ ನಡುಗೆರೆಯ ಮೇಲಿದ್ದರೆ, ಮುಖದ ಒಂದು ಭಾಗವನ್ನೇ ಆವರಿಸುವಷ್ಟು ದೊಡ್ಡದಿದ್ದರೆ, ಆಗಲೂ ಒಳಗಿನ ಪರೀಕ್ಷೆ ಬೇಕು. ಇಂಥ ಮಚ್ಚೆಗಳನ್ನು ಒಂದು ತಿಂಗಳ ವಯಸ್ಸಿನೊಳಗಾಗಿ ತಜ್ಞರಿಗೆ ತೋರಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೧೯ರಲ್ಲಿ ಸೂಚಿಸಿದೆ. ನಾವು ಹೋದದ್ದು ಆರು ವಾರ ಕಳೆದ ಮೇಲೆ.

ಹೃದಯದ ಔಷಧಿ

ಇದಕ್ಕೆ ಹಿಂದೆ ಮಾಡುತ್ತಿದ್ದ ಚಿಕಿತ್ಸೆಗಳ ಕಥೆ ಓದಿದರೆ ನಮ್ಮ ಚುಟಿಗೆಯವರೊಬ್ಬರನ್ನೇ ಬೈಯುವುದು ನ್ಯಾಯವಲ್ಲವೆನಿಸುತ್ತದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಸ್ವೀಡನ್ನಿನಂಥ ಮುಂದುವರಿದ ದೇಶದಲ್ಲಿ ಸಾವಿರಾರು ಹಸುಳೆಗಳ ಮಚ್ಚೆಗಳಿಗೆ ರೇಡಿಯಂ ಹಿಡಿದರು. ಆ ಮಕ್ಕಳು ದೊಡ್ಡವರಾದ ಮೇಲೆ ಲೆಕ್ಕ ಹಾಕಿದಾಗ ಅವರಲ್ಲಿ ಥೈರಾಯ್ಡ್ ಮತ್ತು ಸ್ತನದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ತಾನಾಗಿ ಹೋಗುತ್ತಿದ್ದ ಮಚ್ಚೆಗೆ ತೆತ್ತ ಬೆಲೆ! ಬಳಿಕ ೧೯೬೦ರ ದಶಕದಿಂದ ಸ್ಟಿರಾಯ್ಡ್ ಔಷಧಿಗಳು ಬಂದವು. ಅವು ಕೆಲಸ ಮಾಡುತ್ತಿದ್ದವು; ಆದರೆ ಕೂಸಿನ ಮುಖ ಬಾತುಕೊಳ್ಳುವುದು, ಬೆಳವಣಿಗೆ ಕುಂಠಿತವಾಗುವುದು, ರಕ್ತದೊತ್ತಡ ಏರುವುದು ಇವೂ ಜೊತೆಗೆ ಬರುತ್ತಿದ್ದವು.

ಈಗಿನ ಚಿಕಿತ್ಸೆ ದೊರೆತದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮೂಗಿನ ಮೇಲೆ ದೊಡ್ಡ ಮಚ್ಚೆಯಿದ್ದ ಒಂದು ಕೂಸಿಗೆ ಸ್ಟಿರಾಯ್ಡ್ ಕೊಡುತ್ತಿದ್ದರು. ಅದರಿಂದ ಮಚ್ಚೆ ಬೆಳೆಯುವುದು ನಿಂತಿತೇ ಹೊರತು ಇಳಿಯಲಿಲ್ಲ. ನಡುವೆ ಹೃದಯದ ಸ್ನಾಯು ದಪ್ಪಗಾಗುವ ತೊಂದರೆಯೊಂದು ಹುಟ್ಟಿಕೊಂಡಿತು. ಆ ಹೃದಯಕ್ಕಾಗಿ ಪ್ರೊಪ್ರನಾಲಾಲ್ ಎಂಬ ಔಷಧಿಯನ್ನು ಕೊಟ್ಟರು. ಮರುದಿನ ನೋಡುತ್ತಾರೆ, ಕಡುಗೆಂಪಾಗಿದ್ದ ಮಚ್ಚೆ ನೇರಳೆಗೆ ತಿರುಗಿ ಮೆತ್ತಗಾಗಿದೆ! ಕ್ರಿಸ್ಟೀನ್ ಲೆಯೋತೆ-ಲಾಬ್ರೆಜ್ ಎಂಬ ಚರ್ಮವೈದ್ಯೆ ಮತ್ತು ಅವರ ಜೊತೆಯವರು ಇದನ್ನು ಇತರ ಕೂಸುಗಳಲ್ಲಿಯೂ ಪರೀಕ್ಷಿಸಿ, ಒಟ್ಟು ಹನ್ನೊಂದು ಮಕ್ಕಳ ವೃತ್ತಾಂತವನ್ನು ೨೦೦೮ರ ಜೂನ್ ತಿಂಗಳಲ್ಲಿ ಪ್ರಕಟಿಸಿದರು. ಪ್ರೊಪ್ರನಾಲಾಲ್ ಹೊಸ ಔಷಧಿಯೇನೂ ಅಲ್ಲ. ೧೯೬೦ರ ದಶಕದಲ್ಲಿಯೇ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅದನ್ನು ಎದೆನೋವಿಗಾಗಿ ಸಿದ್ಧಪಡಿಸಿದ್ದರು. ೧೯೮೮ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂದಿತು. ಮುದುಕರ ಎದೆಗೂ ರಕ್ತದೊತ್ತಡಕ್ಕೂ ನಾಲ್ಕು ದಶಕ ದುಡಿದ ಗುಳಿಗೆ ತೊಟ್ಟಿಲಿಗೆ ಬಂದದ್ದು ಹೀಗೆ. ಮುಂದೆ ೪೬೦ ಹಸುಳೆಗಳ ಮೇಲೆ ನಡೆದ, ೨೦೧೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಆರು ತಿಂಗಳು ಔಷಧಿ ಪಡೆದ ಕೂಸುಗಳಲ್ಲಿ ನೂರಕ್ಕೆ ಅರವತ್ತರ ಮಚ್ಚೆ ಪೂರ್ತಿ ಅಥವಾ ಬಹುತೇಕ ಇಳಿಯಿತು. ಹುಸಿ ಔಷಧಿ ಪಡೆದವುಗಳಲ್ಲಿ ಇಳಿದದ್ದು ನೂರಕ್ಕೆ ನಾಲ್ಕು ಮಾತ್ರ.

ಔಷಧಿಯ ಪ್ರಮಾಣವನ್ನು ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ಇದೇ ಗುಳಿಗೆ ಎಷ್ಟೋ ಮನೆಗಳಲ್ಲಿ ಅಜ್ಜನ ತಲೆದಿಂಬಿನ ಬಳಿ ಇರುವುದರಿಂದ, ಅದನ್ನು ಮುರಿದು ಕೂಸಿಗೆ ತಿನ್ನಿಸುವ ಧೈರ್ಯವಂತರು ಹುಟ್ಟಿಕೊಂಡಾರೆಂಬ ಭಯ ನನಗಿದೆ. ಇದು ಹೃದಯದ ಬಡಿತವನ್ನು ನಿಧಾನಗೊಳಿಸುವ, ರಕ್ತದಲ್ಲಿಯ ಸಕ್ಕರೆಯನ್ನು ಇಳಿಸಬಲ್ಲ ಔಷಧಿ. ನಮ್ಮ ಕೂಸಿಗೆ ಮೊದಲು ತೂಕ, ಹೃದಯದ ಪರೀಕ್ಷೆ, ಇ.ಸಿ.ಜಿ. ಆದವು; ಕಣ್ಣಿನ ವೈದ್ಯರೂ ನೋಡಿದರು. ಮೊದಲ ಗುಟುಕು ಕೊಟ್ಟ ಮೇಲೆ ಎರಡು ತಾಸು ಅಲ್ಲಿಯೇ ಕೂಡಿಸಿಕೊಂಡು ನಾಡಿ ಎಣಿಸಿದರು. ತಂಗಿಗೆ ವೈದ್ಯರು ಮೂರು ಸಲ ಹೇಳಿ ಹೇಳಿಸಿಕೊಂಡ ಮಾತು: ಹಾಲು ಕುಡಿಸದೆ ಔಷಧಿ ಹಾಕಬಾರದು, ಕೂಸು ವಾಂತಿ ಮಾಡಿಕೊಂಡರೆ, ಹಾಲು ಬಿಟ್ಟರೆ, ಉಬ್ಬಸ ಬಂದರೆ ಆ ಹೊತ್ತಿನ ಔಷಧಿ ನಿಲ್ಲಿಸಿ ಫೋನು ಮಾಡಬೇಕು. ಚರ್ಮದ ಮೇಲ್ಪದರದ ಚಿಕ್ಕ, ತೆಳು ಮಚ್ಚೆಗಳಿಗೆ ಇದೇ ಗುಂಪಿನ ಟಿಮೊಲಾಲ್ ಎಂಬ ಹನಿಯನ್ನು ಮೇಲೆ ಹಚ್ಚುವುದೂ ಉಂಟು. ಅದು ಮೂಲತಃ ಕಣ್ಣಿನ ಔಷಧಿ.

ಮೂರನೆಯ ದಿನ ತಂಗಿಯೇ ಮೊದಲು ಕಂಡುಹಿಡಿದಳು, “ಅಣ್ಣಾ, ಬಣ್ಣ ಇಳಿದೈತಿ ನೋಡು” ಎಂದು. ನನಗೆ ಕಾಣಲಿಲ್ಲ. ಎರಡನೆಯ ವಾರಕ್ಕೆ ನನಗೂ ಕಂಡಿತು. ಎರಡನೆಯ ತಿಂಗಳಿಗೆ ಎರಡೂ ಕಣ್ಣುಗಳು ಒಂದೇ ಸಮ ತೆರೆಯುತ್ತಿದ್ದವು. ಕೂಸಿಗೆ ವರುಷ ತುಂಬಿದ ಮೇಲೆ ಔಷಧಿಯನ್ನು ಕ್ರಮವಾಗಿ ನಿಲ್ಲಿಸಿದರು. ಈಗ ಆಕೆ ಬನಹಟ್ಟಿಯಲ್ಲಿ ಅಂಗನವಾಡಿಗೆ ಹೋಗುತ್ತಾಳೆ. ರೆಪ್ಪೆಯ ಮೇಲೆ ತುಸು ಸುಕ್ಕುಚರ್ಮವಿದೆ. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದು.

ಬಣ್ಣದ ಬೆಳಕು

ನಿಲ್ಲುವ ಮಚ್ಚೆಯ ದಾರಿ ಬೇರೆ. ಸಾವಿರ ಕೂಸುಗಳಲ್ಲಿ ಸುಮಾರು ಮೂರಕ್ಕೆ ಅದು ಬರುತ್ತದೆ. ಹುಟ್ಟಿದ ದಿನವೇ ಇರುತ್ತದೆ, ಉಬ್ಬಿರುವುದಿಲ್ಲ, ಮೈಯೊಡನೆ ಅಷ್ಟಷ್ಟೇ ದೊಡ್ಡದಾಗುತ್ತದೆ, ಎಂದೂ ಹೋಗುವುದಿಲ್ಲ. ಸೋವಿಯತ್ ನಾಯಕ ಗೋರ್ಬಚೇವ್ ಅವರ ನೆತ್ತಿಯ ಮೇಲಿನ ಮಚ್ಚೆಯನ್ನು ಲೋಕವೆಲ್ಲ ನೋಡಿತ್ತಷ್ಟೇ. ಅದು ಇದೇ ಜಾತಿಯದು. ಎಳೆತನದಲ್ಲಿ ಗುಲಾಬಿಯಾಗಿದ್ದುದು ವಯಸ್ಸಾದಂತೆ ನೇರಳೆಯಾಗಿ, ದಪ್ಪಗಾಗಿ, ಕೆಲವರಲ್ಲಿ ಗಂಟುಗಂಟಾಗುವುದೂ ಉಂಟು. ಮೇಲೆ ಹೇಳಿದ ಹೃದಯದ ಔಷಧಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಏಕೆಂದರೆ ತಡೆಯಲು ಇಲ್ಲಿ ಬೆಳವಣಿಗೆಯೇ ಇಲ್ಲ.

ಹಣೆ ಮತ್ತು ಮೇಲ್‌ರೆಪ್ಪೆಯನ್ನು ಈ ಮಚ್ಚೆ ಮುಚ್ಚಿದ್ದರೆ ಬರಿಯ ರೂಪದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಂಥ ಕೆಲವು ಮಕ್ಕಳಲ್ಲಿ ಮಿದುಳಿನ ಮೇಲ್ಪೊರೆಯ ರಕ್ತನಾಳಗಳಲ್ಲಿಯೂ ಇದೇ ದೋಷವಿದ್ದು ಫಿಟ್ಸ್ ಬರಬಹುದು. ಕಣ್ಣೊಳಗಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು. ಇದಕ್ಕೆ ಸ್ಟರ್ಜ್-ವೀಬರ್ ಎಂದು ಹೆಸರು. ಆದ್ದರಿಂದ ಇಂಥ ಕೂಸನ್ನು ಕಣ್ಣಿನ ವೈದ್ಯರಿಗೂ ನರವೈದ್ಯರಿಗೂ ಮೊದಲ ತಿಂಗಳುಗಳಲ್ಲಿಯೇ ತೋರಿಸಬೇಕು. ನನ್ನ ವಿದ್ಯಾರ್ಥಿಯ ಕಣ್ಣಿನ ಒತ್ತಡವನ್ನು ಮೊತ್ತಮೊದಲು ಅಳೆದದ್ದು ಅವನ ಇಪ್ಪತ್ತನೆಯ ವಯಸ್ಸಿನಲ್ಲಿ. ಅದೃಷ್ಟವಶಾತ್ ಸರಿಯಿತ್ತು.

ಅವನನ್ನು ವೈದ್ಯರ ಬಳಿ ಕಳಿಸಿದ್ದು ನಾನೇ. ತಂಗಿಯ ಮಗಳ ಕಥೆ ಹೇಳಿ, “ನಿನ್ನದಕ್ಕೂ ಏನಾದರೂ ಇದ್ದೀತು” ಎಂದೆ. ಅವನಿಗೆ ಹೇಳಲು ನನಗೆ ಎರಡು ತಿಂಗಳು ಹಿಡಿಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಮತ್ತೊಬ್ಬರ ಮುಖದ ವಿಷಯ ಎತ್ತುವುದೆಂದರೆ ಸುಲಭವೇ?

ನಿಲ್ಲುವ ಮಚ್ಚೆಗೆ ಇಂದಿನ ಮುಖ್ಯ ಉಪಾಯ ಲೇಸರ್ ಬೆಳಕು. ೧೯೮೩ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಇದರ ತತ್ತ್ವವನ್ನು ಮುಂದಿಟ್ಟರು. ಬನಹಟ್ಟಿಯ ಬಣ್ಣದ ಮನೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪ್ರತಿಯೊಂದು ಬಣ್ಣವೂ ಕೆಲವು ಬೆಳಕನ್ನು ನುಂಗಿ ಉಳಿದುದನ್ನು ತಿರುಗಿ ಕೊಡುತ್ತದೆ. ರಕ್ತದ ಕೆಂಪು ವಿಶೇಷವಾಗಿ ನುಂಗುವಂಥ ಹಳದಿ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಹಾಯಿಸಿದರೆ, ಹಿಗ್ಗಿದ ಲೋಮನಾಳ ಮಾತ್ರ ಕಾದು ಮುಚ್ಚಿಕೊಳ್ಳುತ್ತದೆ. ಸುತ್ತಲಿನ ಚರ್ಮ ಕಾಯುವುದರೊಳಗೆ ಬೆಳಕು ನಿಂತಿರುತ್ತದೆ. ಆ ಬೆಳಕು ಹುಟ್ಟುವುದು ದ್ರವದಲ್ಲಿ ಕರಗಿಸಿದ ಒಂದು ಬಣ್ಣದಿಂದ. ಆದುದರಿಂದಲೇ ಯಂತ್ರಕ್ಕೆ ಪಲ್ಸ್ಡ್ ಡೈ ಲೇಸರ್ ಎಂದು ಹೆಸರು. ಸೀರೆಗೆ ಹಾಕುವ ‘ಡೈ’ಗೂ ಈ ‘ಡೈ’ಗೂ ಪದ ಒಂದೇ ಎಂದು ನನ್ನ ಭಾವನವರಿಗೆ ಹೇಳಿದಾಗ ಅವರು ಬಹಳ ಹೊತ್ತು ತಲೆದೂಗಿದರು.

ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ ಇದು. ವಾರಗಳ ಅಂತರದಲ್ಲಿ ಹಲವು ಸಲ ಆಗಬೇಕು. ಆದರೂ ಮಚ್ಚೆ ತಿಳಿಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದು ಅಪರೂಪ. ಚರ್ಮ ತೆಳುವಾಗಿರುವ ಎಳೆತನದಲ್ಲಿ ಆರಂಭಿಸಿದರೆ ಫಲ ಹೆಚ್ಚೆಂದು ಅನೇಕ ತಜ್ಞರು ಹೇಳುತ್ತಾರೆ. ನಮ್ಮಂಥ ಕಂದುಬಣ್ಣದವರಲ್ಲಿ ಇನ್ನೊಂದು ತೊಡಕುಂಟು: ಚರ್ಮದ ಮೇಲಿನ ಬಣ್ಣವೂ ಆ ಬೆಳಕಿನಲ್ಲಿ ಪಾಲು ಕೇಳುತ್ತದೆ. ಎಚ್ಚರ ತಪ್ಪಿದರೆ ಕರಿಕಲೆಯೋ ಬಿಳಿಕಲೆಯೋ ಉಳಿದೀತು. ಆದ್ದರಿಂದ ಬೆಳಕು ಬೀಳುವ ಕ್ಷಣದಲ್ಲಿಯೇ ಚರ್ಮವನ್ನು ತಣ್ಣಗೆ ಮಾಡುತ್ತಾರೆ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತಾರೆ. ಈ ಯಂತ್ರ ಎಲ್ಲ ಊರುಗಳಲ್ಲಿ ಇಲ್ಲ. ಹುಡುಗ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿಬರುತ್ತಾನೆ. ಕಬ್ಬಿನ ಬಿಲ್ಲು ಬಂದ ವರ್ಷ ಎರಡು ಸಲ, ಬಾರದ ವರ್ಷ ಒಂದೂ ಇಲ್ಲ.

ಮೊದಲು ನೋಡುವ ಕಣ್ಣು

ನಮ್ಮ ನಾಲ್ಕೂರುಗಳಿಂದ ತಜ್ಞರು ದೂರವಿಲ್ಲ. ಜಮಖಂಡಿ, ರಬಕವಿಯವರಿಗೆ ವಿಜಯಪುರ ಸಮೀಪ. ಬೀಳಗಿ, ಮುಧೋಳದವರಿಗೆ ಬಾಗಲಕೋಟೆ. ಅಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ವಿಜಯಪುರದ ಬಗ್ಗೆ ನನಗೆ ತಿಳಿದು ಹಿಗ್ಗುಂಟಾದ ಸಂಗತಿಯೊಂದು: ಮಕ್ಕಳ ಚರ್ಮರೋಗಗಳನ್ನು ಕುರಿತು ಭಾರತೀಯ ವೈದ್ಯರು ಸಿದ್ಧಪಡಿಸಿದ ಇಂಗ್ಲಿಷ್ ಪಠ್ಯಗ್ರಂಥವೊಂದರ ಸಂಪಾದಕರಲ್ಲಿ ಡಾ. ಅರುಣ ಇನಾಮದಾರರು ಒಬ್ಬರು. ಅವರು ಅಲ್ಲಿಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗದ ಪ್ರಾಧ್ಯಾಪಕರಾಗಿದ್ದವರು. ಇಷ್ಟು ಸಮೀಪದಲ್ಲಿ ಇಷ್ಟು ವಿದ್ಯೆ ಇದ್ದೂ ಕೂಸುಗಳು ತಡವಾಗಿ ಹೋಗುತ್ತವೆ.

ಮೊದಲು ನೋಡುವ ಕಣ್ಣು ವೈದ್ಯರದಲ್ಲ ಎಂಬುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಮನೆಗೆ ಬರುವ ಆಶಾ ಕಾರ್ಯಕರ್ತೆ ಹೆರಿಗೆಯ ಬಳಿಕ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಲ್ಲಿ ಕೂಸನ್ನು ನೋಡಬೇಕೆಂಬ ನಿಯಮವಿದೆ. ಬೆಳೆಯುವ ಮಚ್ಚೆ ಕಾಣಿಸಿಕೊಂಡು ಓಡತೊಡಗುವುದು ಸರಿಯಾಗಿ ಈ ದಿನಗಳಲ್ಲಿಯೇ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯುಂಟು. ಸೀಳುತುಟಿ, ಸೊಟ್ಟಪಾದ, ಹುಟ್ಟುಪೊರೆ ಮೊದಲಾದವು ಅದರಲ್ಲಿವೆ, ರಕ್ತದ ಮಚ್ಚೆಗೆ ಬೇರೆ ಹೆಸರಿಲ್ಲ. ಹೆಸರಿರಲಿ, ಬಿಡಲಿ, ನಮ್ಮ ಕೂಸಿನ ಕಣ್ಣನ್ನು ಉಳಿಸಿದ್ದು ಒಂದೂವರೆ ತಿಂಗಳ ಸೂಜಿ ಹಿಡಿದಿದ್ದ ಆ ಸಿಸ್ಟರಿನ ಒಂದು ಮಾತು. ಮನೆಯವರು ಮಾಡಬಹುದಾದ ಸುಲಭದ ಕೆಲಸವೊಂದಿದೆ: ಮಚ್ಚೆಯ ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯವಿಟ್ಟು ವಾರಕ್ಕೊಮ್ಮೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು. “ದೊಡ್ಡದಾಯಿತೋ ಇಲ್ಲವೋ” ಎಂಬ ಚರ್ಚೆ ಆಗ ಅತ್ತೆ ಸೊಸೆಯರ ನಡುವೆ ಉಳಿಯುವುದಿಲ್ಲ.

ಇನ್ನು ಗ್ರಹಣದ ಮಾತು. ಬೀಗತಿಯವರು ವಿಜಯಪುರಕ್ಕೆ ಎರಡನೆಯ ಸಲ ನಮ್ಮೊಡನೆ ಬಂದಿದ್ದರು. ವೈದ್ಯರ ಮುಂದೆಯೂ ಇಳಿಗೆಯ ಕಥೆಯನ್ನು ಹೇಳಿದರು. ವೈದ್ಯರು ಅವರನ್ನು ಜರಿಯಲಿಲ್ಲ. “ಅವ್ವಾ, ಗ್ರಹಣ ಅಕ್ಟೋಬರದಾಗ ಆತು. ಕೂಸು ಹುಟ್ಟಿದಾಗ ಮೈ ಸ್ವಚ್ಛ ಇತ್ತು ಅಂತ ನೀವ ಹೇಳ್ತೀರಿ. ಹೊರಗ ಬಂದು ಎರಡು ವಾರ ಆದಮ್ಯಾಲೆ ಹುಟ್ಟಿದ ಮಚ್ಚಿಗೆ ಆ ಇಳಿಗಿ ಏನು ಮಾಡ್ತದ?” ಎಂದು ಕೇಳಿದರು. ಬೀಗತಿಯವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಉತ್ತರ ಕೊಡಲಿಲ್ಲ. ಆದರೆ ಊರಿಗೆ ಬರುವ ದಾರಿಯಲ್ಲಿ ಕೂಸನ್ನು ಜಮಖಂಡಿಯವರೆಗೂ ತಾವೇ ಎತ್ತಿಕೊಂಡು, “ನೀ ಸ್ವಲ್ಪ ಮಲಕೋ” ಎಂದು ಸೊಸೆಗೆ ಹೇಳಿದರು.

ನನ್ನ ವಿದ್ಯಾರ್ಥಿಯ ತಾಯಿಯ ಕಥೆ ಇದಕ್ಕಿಂತ ಹಳೆಯದು. ಮುಧೋಳ ತಾಲೂಕಿನ ಒಂದು ಹಳ್ಳಿಯ ಒಕ್ಕಲಗಿತ್ತಿ ಆಕೆ. ಮಗನ ಮುಖಕ್ಕೆ ತಾನೇ ಕಾರಣವೆಂದು ಇಪ್ಪತ್ತು ವರ್ಷ ನಂಬಿದ್ದರು. ಮತ್ತೊಂದು ಕೂಸು ಬೇಡವೆಂದದ್ದೂ ಅದೇ ಅಂಜಿಕೆಯಿಂದಂತೆ. ನಿಲ್ಲುವ ಮಚ್ಚೆ ಹುಟ್ಟಿನಿಂದಲೇ ಇರುವುದರಿಂದ ವಿಜಯಪುರದ ವೈದ್ಯರ ಲೆಕ್ಕ ಇಲ್ಲಿ ನಡೆಯದು. ಆದರೆ ೨೦೧೩ರಲ್ಲಿ ಅಮೆರಿಕದ ವಿಜ್ಞಾನಿಗಳು ಇದರ ಕಾರಣವನ್ನು ಕಂಡುಹಿಡಿದರು: ಗರ್ಭದಲ್ಲಿ ಕೂಸು ರೂಪುಗೊಳ್ಳುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ, ಜಿ.ಎನ್.ಎ.ಕ್ಯೂ. ಎಂಬ ಜೀನಿನಲ್ಲಿ, ಒಂದೇ ಒಂದು ಅಕ್ಷರ ತಪ್ಪಿ ಬೀಳುತ್ತದೆ. ಆ ಕೋಶದಿಂದ ಹುಟ್ಟಿದ ರಕ್ತನಾಳಗಳೆಲ್ಲ ಹಿಗ್ಗಿ ಉಳಿಯುತ್ತವೆ. ತಂದೆಯಿಂದ ಬರುವುದಲ್ಲ, ತಾಯಿಯಿಂದ ಬರುವುದಲ್ಲ. ಉಂಡದ್ದರಿಂದ, ನೋಡಿದ್ದರಿಂದ, ಹೆಚ್ಚಿದ್ದರಿಂದ ಆಗುವುದಲ್ಲ. ಅಕ್ಷರದೋಷದ ಮಾತು ನಮ್ಮಂಥ ಹಸ್ತಪ್ರತಿಯವರಿಗೆ ಬೇಗ ತಿಳಿಯುತ್ತದೆ. ಲಿಪಿಕಾರನ ಕೈತಪ್ಪಿಗೆ ಕವಿಯನ್ನು ಯಾರೂ ಹೊಣೆ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಇದನ್ನೆಲ್ಲ ವೈದ್ಯರು ವಿವರಿಸಿದ ಮೇಲೆ ತಾಯಿ ಮಗನ ಕಡೆ ನೋಡಿ, “ಹಂಗಾರ ನಂದೇನೂ ತಪ್ಪಿಲ್ಲೇನೋ?” ಎಂದು ಎರಡು ಸಲ ಕೇಳಿದರಂತೆ. “ಇಲ್ಲಬೇ” ಎಂದನಂತೆ ಇವನು. ನಾಲ್ಕು ಸಲದ ಬೆಳಕಿನ ಬಳಿಕ ಹಣೆಯ ಭಾಗ ಚೆನ್ನಾಗಿ ತಿಳಿಯಾಗಿದೆ. ಕೆನ್ನೆ ಅಷ್ಟಾಗಿ ಇಳಿದಿಲ್ಲ. ಐದನೆಯ ಸರತಿಯನ್ನು ಕಬ್ಬಿನ ಹಣ ಬಂದ ಮೇಲೆ ಎಂದು ಇಟ್ಟುಕೊಂಡಿದ್ದಾನೆ.